ಮೆನು ನೇರ ಮಾಡುತ್ತಿದ್ದ ಚಾಚಾ

ಆ ಎತ್ತರದ ಮೇಜಿಗೆ ನಾನು ಕೊಟ್ಟದ್ದು ಒಂಬೈನೂರು ರೂಪಾಯಿ. ಅಂಗಡಿಯವನು ಬಾಯಿ ಬಿಟ್ಟು ಕೇಳಿದ್ದು ಸಾವಿರದ ಎಂಟುನೂರು. ಯಶವಂತಪುರದ ಹಳೆ ಸಾಮಾನಿನ ಅಂಗಡಿಯೊಂದರ ಹೊರಗೆ ಅದು ಬಿಸಿಲಿಗೆ ಬಿರುಕು ಬಿಡುತ್ತ ನಿಂತಿತ್ತು. ಯಾವುದೋ ಕಾಲೇಜಿನ ಪ್ರಯೋಗಶಾಲೆಯದ್ದಿರಬೇಕು, ಎದೆಮಟ್ಟಕ್ಕೆ ಬರುತ್ತಿತ್ತು. ಅಷ್ಟು ಎತ್ತರದ ಮೇಜು ಯಾರಿಗೂ ಬೇಡ ಎಂದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಯಾರಿಗೂ ಬೇಡದ ವಸ್ತುವಿಗೆ ಕೇಳಿದ್ದರ ಅರ್ಧಕ್ಕಿಂತ ಹೆಚ್ಚು ಕೊಡುವವನು ವ್ಯಾಪಾರಕ್ಕೆ ಇಳಿಯಬಾರದು. ನನಗೆ ಅದು ಬೇಕಾದದ್ದು ನನ್ನ ಅಂಗಡಿಗೆ ಕೆಲಸಕ್ಕೆ ಬರುತ್ತಿದ್ದ ಚಾಚಾಗೋಸ್ಕರ. ಅವರಿಗೆ ಕೂತು ಕೆಲಸ ಮಾಡಲು ಬರುತ್ತಿರಲಿಲ್ಲ.

ಬರುತ್ತಿರಲಿಲ್ಲ ಎಂದರೆ ಕಾಲು ನೋವು, ಬೆನ್ನು ನೋವು ಎಂದಲ್ಲ. ಕೂತರೆ ಅವರಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲವಂತೆ. ಮೂವತ್ತು ವರ್ಷಕ್ಕೂ ಮೇಲೆ ಅವರು ಒಂದು ಪ್ರೆಸ್ಸಿನಲ್ಲಿ ಸೀಸದ ಅಕ್ಷರಗಳನ್ನು ಒಂದೊಂದಾಗಿ ಆರಿಸಿ ಸಾಲು ಕಟ್ಟಿದವರು. ಆ ಅಕ್ಷರಕ್ಕೆ ಪ್ರೆಸ್ಸಿನವರು ಮೊಳೆ ಎನ್ನುತ್ತಾರೆ. ಅದು ನಿಂತೇ ಮಾಡುವ ಕೆಲಸ. ಬಲಗೈ ಮೊಳೆ ಆರಿಸುತ್ತ ಹೋದರೆ, ಎಡಗೈಯಲ್ಲಿ ಕಬ್ಬಿಣದ ಒಂದು ಸಣ್ಣ ತಟ್ಟೆ. ಕೊನೆಯ ಮೊಳೆ ಉರುಳದಂತೆ ಹೆಬ್ಬೆರಳು ಒತ್ತಿ ಹಿಡಿದಿರಬೇಕು. ಪ್ರೆಸ್ಸು ಮುಚ್ಚಿ ಹತ್ತು ವರ್ಷ ಆಗಿದ್ದರೂ ಅವರ ಎಡಗೈ ಮಾತ್ರ ಹಾಗೆಯೇ ನಿಂತುಬಿಟ್ಟಿತ್ತು. ಅಂಗೈ ಮೇಲೆ, ಬೆರಳು ಅರ್ಧ ಮಡಚಿ, ಹೆಬ್ಬೆರಳು ಒಳಗೆ. ಬಸ್ಸಿನಲ್ಲಿ ಕಂಡಕ್ಟರ್ ಅದನ್ನು ನೋಡಿ ಚಿಲ್ಲರೆ ಇಡಲು ಬರುತ್ತಿದ್ದನಂತೆ. "ಇಸ್ಕೊಂಡ್ಬಿಡಬೇಕಿತ್ತು ಚಾಚಾ" ಎಂದರೆ, "ಎರಡು ಸಲ ಇಸ್ಕೊಂಡೆ ಸಾರ್, ಮೂರನೇ ಸಲ ಗೊತ್ತಾಯ್ತು ಅವನಿಗೆ" ಎನ್ನುತ್ತಿದ್ದರು.

ಅವರು ಸಿಕ್ಕಿದ್ದು ಎರಡು ಸಾವಿರದ ಒಂಬತ್ತರಲ್ಲಿ. ಹಾರ್ಡ್‌ವೇರ್ ಅಂಗಡಿಯೊಂದರ ಮಾಳಿಗೆಯಲ್ಲಿ ನನ್ನದೊಂದು ಕೋಣೆ. ಒಂದು ಗೋಡೆಗೆ ಜೆರಾಕ್ಸ್ ಮೆಷಿನ್, ಇನ್ನೊಂದು ಗೋಡೆಗೆ ಎರಡು ಕಂಪ್ಯೂಟರ್. ಶಾಲೆ, ನರ್ಸಿಂಗ್ ಹೋಮು, ಕಲ್ಯಾಣ ಮಂಟಪ, ಸಣ್ಣ ಫ್ಯಾಕ್ಟರಿ, ಹೀಗೆ ಕೇಳಿದವರಿಗೆಲ್ಲ ವೆಬ್‌ಸೈಟು ಮಾಡಿಕೊಡುತ್ತಿದ್ದೆ. ನನಗೆ ಯಾರೂ ಕಲಿಸಿರಲಿಲ್ಲ. ನೋಡಿ ನೋಡಿ, ಕೆಡಿಸಿ ಕೆಡಿಸಿ ಕಲಿತದ್ದು. ನಮ್ಮ ಕಸುಬಿನ ದೊಡ್ಡ ಪೀಡೆ ಏನೆಂದರೆ, ನನ್ನ ಕಂಪ್ಯೂಟರಿನಲ್ಲಿ ಸೊಗಸಾಗಿ ಕಾಣುವ ಪುಟ ಗಿರಾಕಿಯ ಕಚೇರಿಯಲ್ಲಿ ಸೊಟ್ಟಗಾಗುತ್ತಿತ್ತು. ಅವರ ಹತ್ತಿರ ಇರುತ್ತಿದ್ದದ್ದು ಹಳೆಯ ಬ್ರೌಸರ್. ಅದಕ್ಕೆ ಪರದೆಯ ಮೇಲೆ ಹತ್ತು ಚುಕ್ಕೆಯಷ್ಟು ಜಾಗ ಬಿಡು ಎಂದರೆ ಇಪ್ಪತ್ತು ಬಿಡುತ್ತಿತ್ತು. ಮೇಲೆ ಒಂದೇ ಸಾಲಿನಲ್ಲಿ ನಿಲ್ಲಬೇಕಾದ ಮೆನುವಿನಲ್ಲಿ ಕೊನೆಯ ಹೆಸರು, ಸಾಮಾನ್ಯವಾಗಿ 'ಸಂಪರ್ಕಿಸಿ' ಎನ್ನುವುದೇ, ಜಾಗ ಸಾಲದೆ ಕೆಳಗೆ ಬೀಳುತ್ತಿತ್ತು. ಕೊಟ್ಟಷ್ಟೂ ಇನ್ನೊಂದಷ್ಟು ಎಳೆದುಕೊಳ್ಳುವ ಗಿರಾಕಿಗಳನ್ನು ನಾನು ನೋಡಿದ್ದೆ. ಬ್ರೌಸರಿನಲ್ಲಿ ನೋಡಿದ್ದು ಅದೇ ಮೊದಲು.

ಅವತ್ತು ಚಾಚಾ ರೇಷನ್ ಕಾರ್ಡು ಜೆರಾಕ್ಸ್ ಮಾಡಿಸಲು ಬಂದಿದ್ದರು. ಮೆಷಿನ್ ಬಿಸಿಯಾಗಲೆಂದು ಕಾಯುತ್ತ ನನ್ನ ಹೆಗಲ ಮೇಲಿಂದ ಪರದೆ ನೋಡಿದರು. ಒಂದು ಶಾಲೆಯ ಪುಟ ಅದು. ಮೂರು ದಿನದಿಂದ ಹೆಡ್‌ಮಿಸ್ "ಯಾಕೋ ಸೊಟ್ಟಗಿದೆ" ಎಂದು ವಾಪಸ್ ಕಳಿಸುತ್ತಿದ್ದರು. ಎಲ್ಲಿ ಸೊಟ್ಟ ಎಂದು ಅವರಿಗೂ ಹೇಳಲಾಗುತ್ತಿರಲಿಲ್ಲ, ನನಗೂ ಕಾಣುತ್ತಿರಲಿಲ್ಲ.

"ಸಾರ್, ತಪ್ಪು ತಿಳೀಬೇಡಿ. ಮೂರನೇ ಸಾಲು ಒಂದು ಕೂದಲೆಳೆ ಎಡಕ್ಕೆ ಹೋಗಿದೆ."

ನಾನು ಸ್ಕೇಲು ಇಟ್ಟು ನೋಡಿದೆ. ಹೋಗಿತ್ತು.

ಅವತ್ತೇ ಕೆಲಸಕ್ಕೆ ಬನ್ನಿ ಎಂದೆ. ಸಂಬಳದ ಮಾತಿಗೆ ನಾನು ತಯಾರಾಗಿಯೇ ಕೂತಿದ್ದೆ: ಮೊದಲು ಕಡಿಮೆ ಹೇಳಿ, ಅವರು ಏರಿಸಿದಾಗ ಟೀ ತರಿಸಿ, ಆಮೇಲೆ ಮಧ್ಯದಲ್ಲಿ ನಿಲ್ಲಿಸುವುದು. ನಾನು ಕಡಿಮೆ ಹೇಳಿದೆ. ಅವರು ಏರಿಸಲೇ ಇಲ್ಲ.

"ನೀವು ಹೇಳಿದ್ದೇ ಆಗ್ಲಿ ಸಾರ್. ಆದ್ರೆ ಒಂದು. ಕೆಲಸ ಇದ್ದಾಗ ಬನ್ನಿ ಅನ್ಬಾರ್ದು. ನಾನು ದಿನಾ ಬರ್ತೀನಿ."

ನನಗೆ ಒಳಗೊಳಗೇ ನಗು. ಅರ್ಧ ಸಂಬಳಕ್ಕೆ ಪೂರ್ತಿ ಆಳು ಸಿಕ್ಕಿದ ಎಂದು ಆ ವಾರವೆಲ್ಲ ಹೇಳಿಕೊಂಡು ತಿರುಗಿದೆ. ವ್ಯಾಪಾರದಲ್ಲಿ ಎದುರಿನವನು ಏನು ಬಿಟ್ಟುಕೊಟ್ಟ ಎಂದು ಎಲ್ಲರೂ ನೋಡುತ್ತಾರೆ. ಏನು ಬಿಟ್ಟುಕೊಡಲಿಲ್ಲ ಎಂದು ನೋಡುವವನೇ ಜಾಣ. ಅವರು ಹಣ ಬಿಟ್ಟರು, 'ದಿನಾ' ಎನ್ನುವುದನ್ನು ಬಿಡಲಿಲ್ಲ. ಹೆಂಡತಿ ತೀರಿಕೊಂಡು ಬಹಳ ವರ್ಷ, ಮಕ್ಕಳಿಲ್ಲ. ಪ್ರೆಸ್ಸು ಮುಚ್ಚಿದ ಮೇಲೆ ಬೆಳಿಗ್ಗೆ ಎದ್ದು ಹೋಗಲು ಅವರಿಗೊಂದು ಜಾಗ ಇರಲಿಲ್ಲ. ಅವರು ಕೊಂಡುಕೊಂಡದ್ದು ಆ ಜಾಗವನ್ನು. ಅದು ನನಗೆ ಹೊಳೆದದ್ದು ಬಹಳ ತಡವಾಗಿ.

ಚಾಚಾ ಎಂದು ಕರೆಯಲು ಶುರು ಮಾಡಿದ್ದು ಕೆಳಗಿನ ಹಾರ್ಡ್‌ವೇರ್ ಅಂಗಡಿಯವರು. ಆಮೇಲೆ ಗಿರಾಕಿಗಳೂ ಹಾಗೇ ಕರೆದರು. ಮನೆಯಲ್ಲಿ ಆಡುತ್ತಿದ್ದದ್ದು ಉರ್ದು. ಆದರೆ ಕನ್ನಡದ ಒತ್ತಕ್ಷರಗಳನ್ನು ಅವರಷ್ಟು ಸಲ ಬೆರಳಲ್ಲಿ ಮುಟ್ಟಿದವರು ಯಶವಂತಪುರದಲ್ಲಿ ಇನ್ನೊಬ್ಬರಿರಲಿಲ್ಲ. ಇಂಗ್ಲಿಷ್ ಬರುತ್ತಾ ಎಂದು ಕೇಳಿದ್ದೆ. "ಅಕ್ಷರ ಬರುತ್ತೆ ಸಾರ್, ಅರ್ಥ ಬರಲ್ಲ. ಅರ್ಥ ನೀವು ನೋಡ್ಕೊಳ್ಳಿ" ಎಂದರು. ನಮ್ಮ ವೆಬ್‌ಸೈಟಿನ ಕೋಡು ಬರೆಯಲು ಅಷ್ಟೇ ಸಾಕಾಗಿತ್ತು. ಆರು ತಿಂಗಳಲ್ಲಿ ಯಾವ ಪದ ತೆಗೆದರೆ ಸಾಲು ಎತ್ತ ಸರಿಯುತ್ತದೆ ಎಂದು ಅವರಿಗೆ ನನಗಿಂತ ಚೆನ್ನಾಗಿ ತಿಳಿಯಿತು. ಹಳೆ ಬ್ರೌಸರಿಗೆ 'ಮುದುಕ' ಎಂದೂ ಹೊಸದಕ್ಕೆ 'ಹೊಸಬ' ಎಂದೂ ಹೆಸರಿಟ್ಟರು. ಮುದುಕನ ಸಲುವಾಗಿಯೇ ಒಂದು ಹಳೆಯ ಕಂಪ್ಯೂಟರನ್ನು ಏನನ್ನೂ ಬದಲಿಸದೆ ಆ ಎತ್ತರದ ಮೇಜಿನ ಮೇಲೆ ಇಟ್ಟಿದ್ದೆವು. ಅದು ಚಾಚಾ ಅವರದು. ನಾನು ಮುದುಕನನ್ನು ಬೈದರೆ ಅವರಿಗೆ ಆಗುತ್ತಿರಲಿಲ್ಲ. "ಬಯ್ಬೇಡಿ ಸಾರ್. ಅವನಿಗೆ ಹೇಳೋ ರೀತೀಲಿ ನಾವು ಹೇಳಿಲ್ಲ, ಅಷ್ಟೆ."

ಅವರ ಕೈಚಳಕ ಪೂರ್ತಿ ಕಂಡದ್ದು ಒಂದು ನರ್ಸಿಂಗ್ ಹೋಮಿನ ಕೆಲಸದಲ್ಲಿ. ಪುಟದ ಎಡಗಡೆ ವಿಭಾಗಗಳ ಪಟ್ಟಿ, ಒಂದರ ಕೆಳಗೊಂದು. ಹೊಸಬನಲ್ಲಿ ಇಟ್ಟಿಗೆ ಜೋಡಿಸಿದ ಹಾಗೆ ಕೂತಿತ್ತು. ಮುದುಕನಲ್ಲಿ ಪ್ರತಿ ಹೆಸರಿನ ನಡುವೆ ಹಲ್ಲು ಬಿದ್ದ ಹಾಗೆ ಸಂದು. ನಾನು ಹೊರಗಿನ ಅಂತರ ಸೊನ್ನೆ ಮಾಡಿದೆ, ಒಳಗಿನದು ಸೊನ್ನೆ ಮಾಡಿದೆ, ಸಾಲಿನ ಎತ್ತರ ಕುಗ್ಗಿಸಿದೆ. ಎರಡು ದಿನ ಹೀಗೇ. ಸಂದು ಹೋಗಲಿಲ್ಲ. ಮೂರನೇ ದಿನ ಚಾಚಾ, "ಕಾಗದದ ಮೇಲೆ ತೆಗೆದು ಕೊಡಿ, ಗಾಜಿನ ಮೇಲೆ ನನಗೆ ಓದಕ್ಕಾಗಲ್ಲ" ಎಂದರು. ಕೋಡನ್ನು ಪ್ರಿಂಟ್ ಹಾಕಿಕೊಟ್ಟೆ. ಕಿಟಕಿಯ ಹತ್ತಿರ ನಿಂತು ಬೆರಳು ಹಿಡಿದು ಓದಿದರು. ಪ್ರತಿ ಸಾಲಿನ ಕೊನೆಗೆ ಬೆರಳು ನಿಲ್ಲುತ್ತಿತ್ತು.

"ಇಲ್ಲೇನಿದೆ ಸಾರ್?"

"ಅಲ್ಲೇನೂ ಇಲ್ಲ ಚಾಚಾ. ಓದಕ್ಕೆ ಅನುಕೂಲ ಆಗ್ಲಿ ಅಂತ ಎಂಟರ್ ಹೊಡೆದು ಕೆಳಗಿನ ಸಾಲಿಗೆ ಹೋಗಿದ್ದೀನಿ."

"ಏನೂ ಇಲ್ಲ ಅಂದ್ರೆ ಹೆಂಗೆ ಸಾರ್? ಎರಡು ಪದದ ಮಧ್ಯೆ ಜಾಗ ಬೇಕು ಅಂದ್ರೆ ನಾವೇನ್ ಮಾಡ್ತಿದ್ವಿ? ಗಾಳಿ ಬಿಡ್ತಿದ್ವಾ? ಅಲ್ಲಿಗೂ ಒಂದು ಮೊಳೆ ಹಾಕ್ತಿದ್ವಿ. ಗಿಡ್ಡ ಮೊಳೆ. ಮಸಿ ತಾಗಲ್ಲ, ಕಾಗದದ ಮೇಲೆ ಮೂಡಲ್ಲ. ನಮ್ಮ ಪ್ರೆಸ್ಸಲ್ಲಿ ಅದಕ್ಕೆ ಮೂಗ ಅಂತಿದ್ವಿ. ಮೂಗ ಮಾತಾಡಲ್ಲ, ಆದ್ರೆ ಜಾಗ ತಿಂತಾನೆ. ಅವನನ್ನ ತೆಗೆದ್ರೆ ಇಡೀ ಸಾಲು ಉದುರಿಹೋಗುತ್ತೆ."

"ಇದು ಕಂಪ್ಯೂಟರ್ ಚಾಚಾ, ಸೀಸ ಅಲ್ಲ."

"ಮುದುಕ ಸೀಸದ ಕಾಲದವನೇ ಇರ್ಬೇಕು ಬಿಡಿ. ಆ ಮೂಗರನ್ನೆಲ್ಲ ಒಂದು ಸಲ ತೆಗೆದು ನೋಡಿ."

ನಗುತ್ತಲೇ ಮಾಡಿದೆ. ಪಟ್ಟಿಯ ಹದಿನಾಲ್ಕು ಹೆಸರನ್ನೂ ನಡುವೆ ಒಂದು ಚುಕ್ಕೆಯ ಜಾಗವೂ ಇಲ್ಲದ ಹಾಗೆ ಒಂದೇ ಉದ್ದ ಸಾಲಿಗೆ ಅಂಟಿಸಿದೆ. ಓದಲಾಗದಷ್ಟು ವಿಕಾರವಾಗಿತ್ತು. ಮುದುಕನಲ್ಲಿ ತೆರೆದರೆ ಸಂದು ಮಾಯ. ಇಟ್ಟಿಗೆ ಗೋಡೆ. ನಾನು ಖಾಲಿ ಎಂದುಕೊಂಡದ್ದನ್ನು ಆ ಬ್ರೌಸರು ಅಷ್ಟು ದಿನ ಸಾಲೆಂದು ಎಣಿಸುತ್ತಿತ್ತು. ನಾನು ಕುರ್ಚಿಯಿಂದ ಎದ್ದು ಚಾಚಾ ಅವರ ಕೈ ಕುಲುಕಿದೆ. ಅವರಿಗೆ ಅದರಲ್ಲಿ ಆಶ್ಚರ್ಯವೇ ಕಾಣಲಿಲ್ಲ. "ಟೀ ಹೇಳಿ ಸಾರ್" ಎಂದರು. ಟೀಯನ್ನು ಸಾಸರಿಗೆ ಹುಯ್ದುಕೊಂಡು ನಿಂತೇ ಕುಡಿದರು.

ವ್ಯಾಪಾರಕ್ಕೆ ಮಾತ್ರ ಅವರು ಶತ್ರು. ಯಲಹಂಕದ ಆಚೆ ಕಲ್ಯಾಣ ಮಂಟಪವೊಂದರ ಕೆಲಸ ಒಪ್ಪಿಸಲು ಒಮ್ಮೆ ಅವರನ್ನೂ ಕರೆದುಕೊಂಡು ಹೋಗಿದ್ದೆ. ಮಂಟಪದ ಗೌಡರು ತಮ್ಮ ಆಫೀಸಿನ ಹಳೆ ಕಂಪ್ಯೂಟರಿನಲ್ಲಿ ಪುಟ ಎಲ್ಲ ನೋಡಿ, ತಲೆ ಆಡಿಸಿ, ಒಂದು ಗಂಟೆ ಚೌಕಾಸಿ ಮಾಡಿ ಕೊನೆಗೆ ಒಪ್ಪಿ ಚೆಕ್ ಪುಸ್ತಕ ತೆಗೆದಿದ್ದರು. ಪೆನ್ನಿನ ಮುಚ್ಚಳ ತೆಗೆಯುವಷ್ಟರಲ್ಲಿ ನನ್ನ ಹಿಂದಿನಿಂದ ದನಿ ಬಂತು.

"ಒಂದ್ನಿಮಿಷ ಸಾರ್. ಊಟದ ಪಟ್ಟಿ ಒಳಗೆ ಹೋಗಿದೆ."

ಗೌಡರು ತಲೆ ಎತ್ತಿದರು. "ಊಟ ಅಲ್ವಾ ಸಾಯ್ಬ್ರೇ? ಒಳಗೇ ಓಗ್ಬೇಕು ಬುಡಿ."

"ತಲೆಬರಹದಿಂದ ಒಳಗೆ ಹೋಗಿದೆ ಗೌಡ್ರೆ. ನಮ್ಮ ಅಂಗಡೀಲಿ ಹೊಸಬನಲ್ಲಿ ನೇರ ಇತ್ತು, ಅವಸರದಲ್ಲಿ ಮುದುಕನಲ್ಲಿ ನೋಡಿರ್ಲಿಲ್ಲ. ಇಲ್ಲಿ ನಿಮ್ಮ ಮುದುಕನಲ್ಲಿ ಒಳಗೆ ಸರಿದಿದೆ."

ನನಗೆ ಮೈಯೆಲ್ಲ ಉರಿಯಿತು. ಗಿರಾಕಿಗೆ ಕಾಣದ ತಪ್ಪನ್ನು ತೋರಿಸುವ ಆಳನ್ನು ಇಟ್ಟುಕೊಂಡವನು ನಾನೊಬ್ಬನೇ ಇರಬೇಕು. "ಚಾಚಾ, ನೀವು ನನ್ನ ಕಡೆಯೋ, ಅವರ ಕಡೆಯೋ?" ಎಂದು ಹಲ್ಲು ಕಚ್ಚಿ ಕೇಳಿದೆ.

"ನಾನು ಸಾಲಿನ ಕಡೆ ಸಾರ್."

ಗೌಡರು ಹೊಟ್ಟೆ ಹಿಡಿದು ನಕ್ಕರು. "ಅಲ್ಲ ಸಾಯ್ಬ್ರೇ, ಇಂಗೆ ಯಾಕಾಯ್ತದೆ? ಎಲ್ಡ್ ಕಡೆ ಎಲ್ಡ್ ತರ?" ಎಂದು ನನ್ನನ್ನು ಬಿಟ್ಟು ಚಾಚಾ ಅವರನ್ನೇ ಕೇಳಿದರು.

ಚಾಚಾ ವಿವರಿಸಿದ ರೀತಿಯನ್ನು ನಾನು ಆಮೇಲೆ ಎಷ್ಟೋ ಜನರಿಗೆ ನನ್ನದೇ ಎಂಬಂತೆ ಹೇಳಿದ್ದೇನೆ. "ಪಟ್ಟಿ ಅಂದ್ರೆ ಮನೆ ಕಟ್ಟೋ ಒಂದು ಸೈಟು ಅನ್ಕೊಳ್ಳಿ ಗೌಡ್ರೆ. ಪಕ್ಕದಲ್ಲಿ ಒಂದಷ್ಟು ಜಾಗ ಬಿಡಬೇಕು ಅಂತ ರೂಲು. ಹೊಸಬ ಅದನ್ನ ಗೋಡೆ ಒಳಗೆ ಬಿಡ್ತಾನೆ, ಮುದುಕ ಗೋಡೆ ಹೊರಗೆ ಬಿಡ್ತಾನೆ. ಸಾರ್ ಒಳಗಿನ ಜಾಗ ಮಾತ್ರ ಕಿತ್ಕೊಂಡಿದ್ದಾರೆ. ಮುದುಕನ ಹತ್ರ ಹೊರಗಿನದು ಹಂಗೇ ಉಳ್ಕೊಂಡಿದೆ. ಇಬ್ಬರ ಹತ್ರಾನೂ ಎರಡನ್ನೂ ಕಿತ್ಕೊಂಡು, ಆಮೇಲೆ ಎಷ್ಟು ಬೇಕೋ ಅಷ್ಟು ನಾವೇ ಒಂದು ಕಡೆ ಕೊಡಬೇಕು."

"ನಮ್ಮೂರಾಗೆ ಒರಗೆ ಜಾಗ ಬುಡೋನು ಒಬ್ನೂ ಇಲ್ಲ. ನಿಮ್ ಮುದುಕ ಒಳ್ಳೇವ್ನು ಸಾಯ್ಬ್ರೇ" ಎಂದರು ಗೌಡರು. ಚೆಕ್ಕನ್ನು ಒಂದು ವಾರ ತಡ ಮಾಡಿದರು, ಆದರೆ ಒಂದು ರೂಪಾಯಿ ಕಡಿಮೆ ಮಾಡಲಿಲ್ಲ. ಅವರ ಇನ್ನೊಂದು ಮಂಟಪದ ಕೆಲಸವೂ ನಮಗೇ ಬಂತು. "ಈ ಸಾಯ್ಬ್ರು ಇರೋಗಂಟ ನಿನ್ ಕೆಲ್ಸ ನಾನು ತೆಗೆದು ನೋಡಾಕಿಲ್ಲ" ಎಂದರು. ಅವತ್ತು ವಾಪಸ್ ಬರುತ್ತ ಹೆಬ್ಬಾಳದವರೆಗೂ ನಾನು ಸಿಟ್ಟಿನಲ್ಲೇ ಬೈಕು ಓಡಿಸಿದೆ. ಫ್ಲೈಓವರ್ ಹತ್ತುವಾಗ ಹಿಂದಿನಿಂದ, "ಬೈಕೂ ಒಂಚೂರು ಎಡಕ್ಕೆ ಎಳೀತಿದೆ ಸಾರ್" ಎಂದರು. ಇಬ್ಬರೂ ನಕ್ಕೆವು.

ಭಾನುವಾರಗಳ ವಿಷಯವನ್ನೂ ಬರೆಯಬೇಕು. ಒಂದು ಸೋಮವಾರ ಕೆಳಗಿನ ಹಾರ್ಡ್‌ವೇರ್ ಅಂಗಡಿಯವರು ನನ್ನನ್ನು ತಡೆದು, "ಏನ್ ಗುರು, ಚಾಚಾಗೆ ಭಾನುವಾರಾನೂ ಬಿಡುವು ಕೊಡಲ್ವಾ?" ಎಂದರು. ನನಗೆ ಅರ್ಥವಾಗಲಿಲ್ಲ. ಪ್ರತಿ ಭಾನುವಾರ ಚಾಚಾ ಬಂದು, ನಮ್ಮ ಕೋಣೆಯ ಮುಚ್ಚಿದ ಶಟರಿನ ಮುಂದಿನ ಮೆಟ್ಟಿಲ ಮೇಲೆ ಮಧ್ಯಾಹ್ನದವರೆಗೆ ಇದ್ದು, ತಂದ ಡಬ್ಬಿ ತಿಂದು ಹೋಗುತ್ತಿದ್ದರಂತೆ. ಯಾವಾಗಲೂ ನಿಂತೇ ಇರುವ ಮನುಷ್ಯ ಆ ಮೆಟ್ಟಿಲ ಮೇಲೆ ಮಾತ್ರ ಕೂರುತ್ತಿದ್ದರಂತೆ.

ನಾನು ಹೋಗಿ ಕೇಳಿದೆ. ಅವರು ಸಂಕೋಚದಿಂದ, "ಬಸ್ ಪಾಸ್ ಇರುತ್ತಲ್ಲ ಸಾರ್, ವೇಸ್ಟ್ ಆಗುತ್ತೆ" ಎಂದರು.

ನಾನು ಹುಟ್ಟಾ ಚೌಕಾಸಿಯವನು. ಇವರು ಮೆಲ್ಲಗೆ ಭಾನುವಾರದ ಕೂಲಿಗೆ ದಾರಿ ಮಾಡಿಕೊಳ್ಳುತ್ತಿದ್ದಾರೆ ಎಂದುಕೊಂಡೆ. "ನೋಡಿ ಚಾಚಾ, ಭಾನುವಾರ ಬಂದ್ರೆ ನಾನೇನೂ ಕೊಡಕ್ಕಾಗಲ್ಲ" ಎಂದೆ.

"ಬೇಡ ಸಾರ್. ಒಂದು ಕೀ ಕೊಟ್ಟಿರಿ, ಸಾಕು. ಒಳಗಿದ್ರೆ ಏನಾದ್ರೂ ನೋಡ್ತಿರ್ತೀನಿ."

"ನೋಡೋಣ" ಎಂದೆ. ವ್ಯಾಪಾರದಲ್ಲಿ ಇಲ್ಲ ಎನ್ನಲು ನಾವು ಬಳಸುವ ಪದ ಅದು. ಚಾಚಾ ಎರಡನೇ ಸಲ ಕೇಳಲಿಲ್ಲ. ಅದಾದ ಮೇಲೆ ಭಾನುವಾರ ಬಂದರೋ ಇಲ್ಲವೋ, ನಾನು ವಿಚಾರಿಸಲೂ ಇಲ್ಲ.

ಏಳು ವರ್ಷ ಹೀಗೆ. ಬೆಳಿಗ್ಗೆ ನಾನು ಶಟರು ಎತ್ತುವ ಮೊದಲೇ ಮೆಟ್ಟಿಲ ಬಳಿ ಇರುತ್ತಿದ್ದರು. ಸಂಜೆ ನಾನು ಎಳೆಯುವವರೆಗೂ ಇರುತ್ತಿದ್ದರು. ಏಳು ವರ್ಷದಲ್ಲಿ ನಾವಿಬ್ಬರೂ ಮಾತಾಡಿದ್ದೆಲ್ಲ ಸಾಲು, ಸಂದು, ಜಾಗ. ಅವರ ಮನೆ ಎಲ್ಲಿ ಎಂದು ಕೇಳಿದ್ದಕ್ಕೆ ಒಮ್ಮೆ "ಶೆಟ್ಟಿಹಳ್ಳಿ ಕಡೆ" ಎಂದಿದ್ದರು. ನನಗೆ ಆ 'ಕಡೆ' ಸಾಕೆನಿಸಿತ್ತು. ಈಗ ಲೆಕ್ಕ ಹಾಕಿದರೆ, ಆ ವರ್ಷಗಳಲ್ಲಿ ಅವರ ಜೊತೆ ಇದ್ದಷ್ಟು ಹೊತ್ತು ನಾನು ನನ್ನ ಮನೆಯವರ ಜೊತೆಯೂ ಇದ್ದಿಲ್ಲ.

ಆಮೇಲೆ ಕಾಲ ಬದಲಾಯಿತು. ಹಳೆ ಬ್ರೌಸರು ಇಟ್ಟುಕೊಂಡವರು ಒಬ್ಬೊಬ್ಬರಾಗಿ ಕಡಿಮೆಯಾದರು. ಗಿರಾಕಿಗಳು ಫೋನಿನಲ್ಲೇ ಪುಟ ನೋಡತೊಡಗಿದರು. ಕೋಡು ಬರೆಯುವುದೂ ನಿಂತು, ಸಿದ್ಧ ಮಾದರಿಗಳನ್ನು ಕೊಂಡು ಹೆಸರು ಬದಲಿಸುವುದಷ್ಟೇ ಉಳಿಯಿತು. ಮೆನು ಹೋಗಿ ಅದರ ಜಾಗಕ್ಕೆ ಮೂಲೆಯಲ್ಲಿ ಮೂರು ಗೆರೆ ಬಂತು. ಅದನ್ನು ಮೊದಲ ಸಲ ನೋಡಿದಾಗ ಚಾಚಾ ಕೇಳಿದರು: "ಪಟ್ಟಿ ಎಲ್ಲಿ ಸಾರ್?"

"ಅದನ್ನ ಒತ್ತಿದ್ರೆ ಬರುತ್ತೆ ಚಾಚಾ. ಇಲ್ಲದಿದ್ರೆ ಮುಚ್ಕೊಂಡಿರುತ್ತೆ."

ಅವರು ಒತ್ತಿದರು. ಪಟ್ಟಿ ಬಂತು, ನೇರವಾಗಿಯೇ ಇತ್ತು. ಮತ್ತೆ ಒತ್ತಿದರು, ಹೋಯಿತು. "ಚೆನ್ನಾಗಿದೆ. ಮುಚ್ಚಿಟ್ರೆ ಸೊಟ್ಟಾನೂ ಇಲ್ಲ, ನೇರಾನೂ ಇಲ್ಲ" ಎಂದರು. ಆ ತಿಂಗಳಿಂದ ಅವರು ಕೆಲಸವಿಲ್ಲದೆ ನನ್ನ ಹಳೆಯ ಸೈಟುಗಳನ್ನು ಒಂದೊಂದಾಗಿ ಮುದುಕನಲ್ಲಿ ತೆರೆದು ನೋಡುತ್ತಿದ್ದರು. ಯಾರೂ ಕೇಳದ ತಪ್ಪುಗಳನ್ನು ಒಂದು ಕಾಗದದಲ್ಲಿ ಬರೆದು ನನ್ನ ಮೇಜಿನ ಮೇಲೆ ಇಡುತ್ತಿದ್ದರು. ನಾನು ಅದರ ಮೇಲೆ ಟೀ ಲೋಟ ಇಡುತ್ತಿದ್ದೆ.

ಎರಡು ಸಾವಿರದ ಹದಿನಾರರಲ್ಲಿ ಒಬ್ಬ ಡೀಲರು ಹಳೆ ಕಂಪ್ಯೂಟರು ಕೊಟ್ಟರೆ ಹೊಸದರಲ್ಲಿ ಕಡಿತ ಕೊಡುವುದಾಗಿ ಹೇಳಿದ. ಹಳೆಯದು ಕೆಲಸ ಮಾಡುತ್ತಿರಬೇಕು ಎನ್ನುವುದು ಷರತ್ತು. ನಮ್ಮಲ್ಲಿ ಹಾಗಿದ್ದದ್ದು ಚಾಚಾ ಅವರದೊಂದೇ. ಒಂದೂವರೆ ಗಂಟೆ ಎಳೆದಾಡಿ, ಕಡಿತದ ಮೇಲೆ ಒಂದು ಪ್ರಿಂಟರನ್ನೂ ಬಿಟ್ಟಿಯಾಗಿ ಹಾಕಿಸಿಕೊಂಡೆ. ನನ್ನ ಜೀವಮಾನದ ಒಳ್ಳೆಯ ವ್ಯಾಪಾರಗಳಲ್ಲಿ ಅದೊಂದು ಎಂದು ಅವತ್ತು ಅನಿಸಿತ್ತು. ಚಾಚಾ ಮಧ್ಯಾಹ್ನದ ನಮಾಜಿಗೆ ಹೋದಾಗ ಡೀಲರಿನ ಆಳು ಬಂದು ಅದನ್ನು ಹೊತ್ತುಕೊಂಡು ಹೋದ.

ಅವರು ಬಂದು ಖಾಲಿ ಮೇಜಿನ ಮುಂದೆ ನಿಂತರು. ನಾನು ಉತ್ಸಾಹದಿಂದ ಎಲ್ಲ ಹೇಳಿದೆ: ಎಷ್ಟು ಕೇಳಿದ, ಎಷ್ಟಕ್ಕೆ ಇಳಿಸಿದೆ, ಪ್ರಿಂಟರು ಹೇಗೆ ಬಂತು. ಪೂರ್ತಿ ಕೇಳಿದರು. ಬಟ್ಟೆ ತೆಗೆದುಕೊಂಡು ಮೇಜಿನ ಮೇಲೆ ಚೌಕಾಕಾರವಾಗಿ ಉಳಿದಿದ್ದ ಧೂಳನ್ನು ಒರೆಸಿದರು.

"ಒಳ್ಳೇದಾಯ್ತು ಸಾರ್. ಕರೆಂಟ್ ಜಾಸ್ತಿ ತಿಂತಿತ್ತು."

"ಇನ್ಮೇಲೆ ಆ ತಲೆನೋವೇ ಇಲ್ಲ ಚಾಚಾ. ಮುದುಕನ ಕಾಲ ಮುಗೀತು."

ಆಗ ನನ್ನ ಫೋನು ಹೊಡೆದುಕೊಂಡಿತು. ಒಬ್ಬ ಗಿರಾಕಿ. ಅವನ ಜೊತೆ ಮಾತಾಡುತ್ತಿರುವಾಗ ಚಾಚಾ ಹತ್ತಿರ ಬಂದು ಸಣ್ಣ ದನಿಯಲ್ಲಿ, "ನಾಳೆ ಬರ್ಲಾ ಸಾರ್?" ಎಂದರು.

ಏಳು ವರ್ಷದಲ್ಲಿ ಅವರು ಆ ಪ್ರಶ್ನೆ ಕೇಳಿರಲಿಲ್ಲ. ನಾನು ಫೋನಿನ ಮೇಲೆ ಕೈ ಮುಚ್ಚಿ, "ಬೇಡ ಚಾಚಾ, ರೆಸ್ಟ್ ತಗೊಳ್ಳಿ. ಕೆಲಸ ಇದ್ರೆ ಫೋನ್ ಮಾಡ್ತೀನಿ" ಎಂದೆ. ಅವರ ಆ ತಿಂಗಳ ಸಂಬಳ ಪೂರ್ತಿ ಕೊಟ್ಟೆ. ಅಷ್ಟು ಧಾರಾಳಿ ನಾನು. ಮೆಟ್ಟಿಲು ಇಳಿಯುವ ಸದ್ದು ಕೇಳಿಸಿತು. ಗಿರಾಕಿ ಇನ್ನೂ ಮಾತಾಡುತ್ತಿದ್ದ.

ಕೆಲಸ ಬರಲಿಲ್ಲ, ಫೋನು ಮಾಡಲಿಲ್ಲ. ಕೆಲಸವಿಲ್ಲದೆ ಯಾರಿಗಾದರೂ ಫೋನು ಮಾಡುವ ಅಭ್ಯಾಸ ನನಗಿರಲಿಲ್ಲ. ಪುಟ ಮುಗಿಸಿ ಹೆಗಲ ಹಿಂದೆ ತಿರುಗಿ ನೋಡುವುದು ಮಾತ್ರ ಬಹಳ ದಿನ ನಿಲ್ಲಲಿಲ್ಲ. ಮಧ್ಯಾಹ್ನ ಎರಡು ಟೀ ಹೇಳಿ, ಒಂದು ಆರಿದ ಮೇಲೆ ನೆನಪಾಗುತ್ತಿತ್ತು.

ಹತ್ತು ತಿಂಗಳ ಮೇಲೆ ನಾಗಸಂದ್ರದ ಒಂದು ಫ್ಯಾಕ್ಟರಿಯಿಂದ ಕರೆ ಬಂತು. ಅವರ ಮೆಷಿನ್ನುಗಳಿಗೆ ಜೋಡಿಸಿದ ಕಂಪ್ಯೂಟರುಗಳು ಹಳೆಯವು, ಬದಲಿಸುವಂತಿಲ್ಲ. ಒಳಗಿನವರೇ ಬಳಸುವ ಪುಟದಲ್ಲಿ ಮೆನು ಮುರಿದು ಎರಡು ಸಾಲಾಗಿತ್ತು. ನನಗೆ ಮೊದಲು ಬಂದ ಯೋಚನೆ: ಆಹಾ, ಚಾಚಾಗೆ ಕೆಲಸ ಸಿಕ್ಕಿತು. ಖುಷಿಯಿಂದ ಫೋನು ಮಾಡಿದೆ. ಸ್ವಿಚ್ ಆಫ್. ಸಂಜೆ ಮಾಡಿದೆ. ಸ್ವಿಚ್ ಆಫ್. ಮರುದಿನ ಬೈಕು ತೆಗೆದುಕೊಂಡು ಶೆಟ್ಟಿಹಳ್ಳಿಗೆ ಹೋದೆ.

ಊರು ಎಂದುಕೊಂಡು ಹೋದವನಿಗೆ ನೂರಾರು ಅಡ್ಡರಸ್ತೆ. ಟೀ ಅಂಗಡಿಯಲ್ಲಿ ಕೇಳಿದೆ, ದರ್ಜಿಯನ್ನು ಕೇಳಿದೆ. ಹೆಸರು ಹೇಳಿದರೆ ಆ ಹೆಸರಿನವರು ನಾಲ್ಕು ಜನ. ಬಸ್ ಸ್ಟಾಪಿನ ಎದುರು ಮೊಬೈಲ್ ರೀಚಾರ್ಜ್ ಅಂಗಡಿಯೊಂದಿತ್ತು. ನಲವತ್ತರ ಆಸುಪಾಸಿನ ಮನುಷ್ಯ, ಫೋನೊಂದನ್ನು ಬಿಚ್ಚಿಟ್ಟುಕೊಂಡು ಕೂತಿದ್ದ.

"ಹೆಸರು ಹೇಳಿದ್ರೆ ನಂಗ್ ಗೊತ್ತಾಗಲ್ಲಣ್ಣ. ನಂಬರ್ ಹೇಳಿ."

ಹೇಳಿದೆ. ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ.

"ನೀವು ಯಶವಂತಪುರದ ಸಾರಾ?"

ಹೌದು ಎಂದೆ.

"ಚಾಚಾ ಹೋಗಿ ಎರಡು ತಿಂಗಳಾಯ್ತಲ್ಲ ಸಾರ್. ಜ್ವರ ಅಂತ ಮಲಗಿದ್ರಂತೆ. ಮನೆ ಓನರಮ್ಮ ಬಾಗಿಲು ತಟ್ಟಿ ನೋಡಿದ್ಮೇಲೇ ಗೊತ್ತಾಗಿದ್ದು." ಅವನೇ ಮುಂದುವರಿಸಿದ. "ತಿಂಗಳು ತಿಂಗಳು ಬಂದು ಸಣ್ಣದೊಂದು ರೀಚಾರ್ಜ್ ಹಾಕಿಸ್ತಿದ್ರು. ನಾನೇ ಬಯ್ದಿದ್ದೀನಿ. ಚಾಚಾ, ಕರೆನ್ಸಿ ಹಂಗೇ ಇದೆ, ಒಂದು ರೂಪಾಯಿ ಖರ್ಚಾಗಿಲ್ಲ, ನೀವು ಯಾರಿಗೂ ಮಾಡೋದೇ ಇಲ್ಲ, ಯಾಕೆ ಸುಮ್ನೆ ದುಡ್ಡು ಕಳೀತೀರಾ ಅಂತ. ಇಲ್ಲಪ್ಪ, ನಂಬರ್ ಕಟ್ ಆಗ್ಬಾರ್ದು, ಯಶವಂತಪುರದ ಸಾರ್ ಫೋನ್ ಮಾಡ್ತೀನಿ ಅಂದಿದ್ದಾರೆ ಅನ್ನೋರು." ಆಮೇಲೆ ಕೇಳಬೇಕೆಂದು ಕೇಳಿದ್ದಲ್ಲ, ಮಾತಿಗೆ ಮಾತು ಬಂದು ಕೇಳಿದ: "ಮಾಡಿದ್ರಾ ಸಾರ್?"

"ನಿನ್ನೆ ಮಾಡಿದೆ" ಎಂದೆ.

ಮನೆ ತೋರಿಸಿದ. ಎರಡನೇ ಅಡ್ಡರಸ್ತೆ, ಹಿಂದುಗಡೆ ಮೆಟ್ಟಿಲು, ಮೇಲೊಂದು ಕೋಣೆ. ಬೇರೆ ಯಾರೋ ಬಾಡಿಗೆಗೆ ಬಂದಿದ್ದರು. ಹೊರಗಿನ ಹಗ್ಗದ ಮೇಲೆ ಅವರ ಬಟ್ಟೆ ಒಣಗುತ್ತಿತ್ತು. ನನ್ನ ಅಂಗಡಿಯಿಂದ ಅಲ್ಲಿಗೆ ಬೈಕಿನಲ್ಲಿ ಅರ್ಧ ಗಂಟೆಯ ದಾರಿ, ಅದೂ ಸಿಗ್ನಲ್ಲು ಸೇರಿಸಿ. ಕಬರಸ್ತಾನದ ಗೇಟಿನವರೆಗೆ ಹೋದೆ. ಒಳಗೆ ಹೋಗಿ ಯಾವುದು ಎಂದು ಯಾರನ್ನು ಕೇಳಲಿ? ಸ್ವಲ್ಪ ಹೊತ್ತು ನಿಂತು ವಾಪಸ್ ಬಂದೆ.

ಫ್ಯಾಕ್ಟರಿಯ ಮೆನುವನ್ನು ನಾನೇ ನೇರ ಮಾಡಿದೆ. ಅವರ ಮೆಷಿನ್ನುಗಳ ನಡುವೆಯೇ ಹಳೆ ಕಂಪ್ಯೂಟರಿನ ಮುಂದೆ ಕೂತು ಐದು ದಿನ ಹಿಡಿಯಿತು. ಚಾಚಾ ಒಂದು ಬೆಳಿಗ್ಗೆಯಲ್ಲಿ ಮಾಡುತ್ತಿದ್ದರು. ಫ್ಯಾಕ್ಟರಿಯವರು ಹೇಳಿದ ಮೊತ್ತಕ್ಕೆ ಸುಮ್ಮನೆ ತಲೆ ಆಡಿಸಿದೆ. ಚೌಕಾಸಿ ಮಾಡದೆ ಒಪ್ಪಿದ ಮೊದಲ ಕೆಲಸ ಅದು. ಅವರ ಮ್ಯಾನೇಜರನಿಗೆ ಅನುಮಾನವೇ ಬಂತು.

ಈಗ ನಿಮಗೊಂದು ಮಾತು. ನಿಮ್ಮಲ್ಲೂ ಅಂಗಡಿಯೋ ವರ್ಕ್‌ಶಾಪೋ ಇರಬಹುದು, ಬೇರೆ ಯಾರೂ ಮಾಡಲಾರದ ಒಂದು ಸಣ್ಣ ಕೆಲಸ ಬಲ್ಲವರೊಬ್ಬರು ದಿನಾ ಬರುತ್ತಿರಬಹುದು. ಆ ಕೆಲಸ ಒಂದು ದಿನ ಮುಗಿಯುತ್ತದೆ, ಯಾರಿಂದಲೂ ತಪ್ಪಿಸಲಾಗುವುದಿಲ್ಲ. ಅವತ್ತು 'ಫೋನ್ ಮಾಡ್ತೀನಿ' ಎನ್ನಬೇಡಿ. ಮಾಡುವುದಾದರೆ ಯಾವ ದಿನ ಎಂದು ಹೇಳಿ. ಮಾಡದಿದ್ದರೆ ಮಾಡುವುದಿಲ್ಲ ಎಂದು ಮುಖ ನೋಡಿ ಹೇಳಿ, ಬೈದುಕೊಂಡಾದರೂ ಬೇರೆ ಕಡೆ ಹೋಗುತ್ತಾರೆ. ಇನ್ನೊಂದು, ಅವರ ಮನೆಗೆ ಹೋಗಿ ಬನ್ನಿ. ಯಾವ ಕಡೆ ಎಂದಲ್ಲ. ಎಷ್ಟನೇ ಅಡ್ಡರಸ್ತೆ, ಕೆಳಗಿನದೋ ಮೇಲಿನದೋ, ಒಳಗೆ ಎಷ್ಟು ಜನ, ನೋಡಿಕೊಂಡು ಬನ್ನಿ. ಕೆಲಸ ಇಲ್ಲದ ದಿನವೇ ಹೋಗಿ. ಕೆಲಸ ಇಟ್ಟುಕೊಂಡು ಹೋದರೆ, ಏಕೆ ಬಂದಿರಿ ಎಂದು ಅವರಿಗೂ ಗೊತ್ತಾಗುತ್ತದೆ, ನಿಮಗೂ ಗೊತ್ತಿರುತ್ತದೆ.